ಲಿನಕ್ಸ್‌ಗೆ ಆಟ ಬಂದದ್ದು ಯಾರ ಖರ್ಚಿನಲ್ಲಿ?

ನಮ್ಮ ಕೈಲಿರುವ ಆಂಡ್ರಾಯ್ಡ್ ಫೋನಿನೊಳಗೆ ಇರುವುದೂ ಲಿನಕ್ಸ್ ತಿರುಳೇ. ಅದು ಬಿಟ್ಟಿ ಸಿಗುತ್ತದೆ. ಆದರೆ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಂಡವರಿಗೆ ದೊಡ್ಡ ಆಟಗಳು ಸಿಗುವುದು ಬಹುಕಾಲ ಅಪರೂಪವಾಗಿತ್ತು. ಹೆಚ್ಚಿನವು ವಿಂಡೋಸ್‌ಗೇ ತಯಾರಾಗುತ್ತಿದ್ದವು.

1998ರಲ್ಲಿ ಶುರುವಾದ ಅಮೆರಿಕದ ಲೋಕಿ ಸಾಫ್ಟ್‌ವೇರ್ ಕಂಪನಿ ಹೆಸರಾಂತ ಆಟಗಳನ್ನು ಲಿನಕ್ಸ್‌ಗೆ ಒಗ್ಗಿಸಿ ಮಾರಿತು. ಕೊಳ್ಳುವವರು ಕಡಿಮೆ, 2002ರ ಆರಂಭದಲ್ಲಿ ಬಾಗಿಲು ಮುಚ್ಚಿತು.

ಮುಂದೆ ಕೈಹಾಕಿದ್ದು ವಾಲ್ವ್. ಅದರ ಆನ್‌ಲೈನ್ ಆಟದಂಗಡಿ ಸ್ಟೀಮ್ ಹೆಚ್ಚಾಗಿ ವಿಂಡೋಸನ್ನೇ ನೆಚ್ಚಿತ್ತು. 2012ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 8ರೊಳಗೆ ತನ್ನದೇ ಅಂಗಡಿ ತೆರೆಯಲು ಹೊರಟಾಗ, ಬೇರೆಯವರ ಜಾಗದಲ್ಲಿ ವ್ಯಾಪಾರ ಮಾಡುವ ಅಪಾಯ ವಾಲ್ವ್‌ಗೆ ಕಂಡಿತು. 2013ರ ಫೆಬ್ರವರಿಯಲ್ಲಿ ಸ್ಟೀಮ್ ಲಿನಕ್ಸ್‌ಗೂ ಬಂತು. 2015ರ ಸ್ಟೀಮ್ ಮಷೀನ್‌ಗಳು ಮಾತ್ರ ಸೋತವು: ಯಂತ್ರವಿತ್ತು, ಸಾಕಷ್ಟು ಆಟಗಳಿರಲಿಲ್ಲ.

ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ಓಡಿಸುವ 'ವೈನ್' 1993ರಿಂದಲೇ ಇತ್ತು. ಅದನ್ನು ಬಲ್ಲವರಿಗೆ ವಾಲ್ವ್ ಹಣ ಕೊಟ್ಟು 'ಪ್ರೋಟಾನ್' ಕಟ್ಟಿಸಿತು. ಅದು 2018ರಲ್ಲಿ ಹೊರಬಂತು. ಅದನ್ನು ನಂಬಿಯೇ 2022ರಲ್ಲಿ ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಬಂತು.

ಬಿಟ್ಟಿ ತಂತ್ರಾಂಶದ ಹಿಂದೆಯೂ ಯಾರದೋ ದುಡಿಮೆ ಇರುತ್ತದೆ, ಅದಕ್ಕೆ ಕೂಲಿ ಬೇಕಾಗುತ್ತದೆ ಎಂಬುದನ್ನು ನಾವು ಮರೆಯಬಾರದು. ಇಲ್ಲಿ ಅಂಗಡಿ ಕೊಟ್ಟದ್ದು ದಾನವಲ್ಲ, ತನ್ನ ಉಳಿವಿನ ಖರ್ಚು. ಆದರೂ ಪ್ರೋಟಾನ್‌ನ ಕೋಡ್ ಎಲ್ಲರಿಗೂ ತೆರೆದಿದೆ. ನಾಳೆ ವಾಲ್ವ್ ಕೈಬಿಟ್ಟರೂ ಅದು ಊರ ಕೆರೆಯಂತೆ ಉಳಿಯುತ್ತದೆ, ಹೂಳೆತ್ತುವವರು ಬೇಕಷ್ಟೆ.