ನೋಡುವ ಹಾಡಿಗೆ ಬಂದ ಪ್ರಶಸ್ತಿ

1984ರ ಸೆಪ್ಟೆಂಬರ್ 14ರ ರಾತ್ರಿ ನ್ಯೂಯಾರ್ಕ್‌ನ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ಹೊಸ ಬಗೆಯ ಪ್ರಶಸ್ತಿ ಸಮಾರಂಭವೊಂದು ನಡೆಯಿತು. ಹಾಡಿಗೆ, ಹಾಡುಗಾರರಿಗೆ ಪ್ರಶಸ್ತಿ ಕೊಡುವುದು ಅಮೆರಿಕಕ್ಕೆ ಹೊಸದಾಗಿರಲಿಲ್ಲ. ಗ್ರ್ಯಾಮಿ ಪ್ರಶಸ್ತಿ ಕಾಲು ಶತಮಾನದಿಂದ ನಡೆದು ಬಂದಿತ್ತು. ಆದರೆ ಅಂದಿನ ಪ್ರಶಸ್ತಿ ಹಾಡಿಗೆಂದು ತೆಗೆದ ಮೂರು-ನಾಲ್ಕು ನಿಮಿಷದ ಚಿತ್ರಕ್ಕೆ. ಕೊಟ್ಟದ್ದು ಎಂಟಿವಿ ಎಂಬ ಟೆಲಿವಿಷನ್ ವಾಹಿನಿ. ಅದಕ್ಕೆ ಆಗ ಮೂರೇ ವರ್ಷ ಪ್ರಾಯ. ವೇದಿಕೆಯ ನಿರೂಪಕರು ನಟ ಡ್ಯಾನ್ ಆಕ್ರಾಯ್ಡ್ ಮತ್ತು ಗಾಯಕಿ-ನಟಿ ಬೆಟ್ ಮಿಡ್ಲರ್.

ವರ್ಷದ ಅತ್ಯುತ್ತಮ ವಿಡಿಯೊ ಎಂಬ ಗೌರವ ಮೈಕೆಲ್ ಜಾಕ್ಸನ್‌ರ ‘ಥ್ರಿಲ್ಲರ್’ಗೆ ಸಲ್ಲುತ್ತದೆ ಎಂದೇ ಬಹುಮಂದಿ ಎಣಿಸಿರಬಹುದು. ಸುಮಾರು ಹದಿನಾಲ್ಕು ನಿಮಿಷದ ಆ ಚಿತ್ರದ ಮಾತನ್ನು ಆ ವರ್ಷ ಆಡದವರು ಕಡಿಮೆ. ಆದರೆ ಬಹುಮಾನ ಹೋದದ್ದು ‘ದ ಕಾರ್ಸ್’ ತಂಡದ ‘ಯು ಮೈಟ್ ಥಿಂಕ್’ ವಿಡಿಯೊಗೆ. ಕಂಪ್ಯೂಟರ್ ಚಿತ್ರಕಲೆ ಇನ್ನೂ ಕಣ್ಣು ಬಿಡುತ್ತಿದ್ದ ಕಾಲದಲ್ಲಿ ಅದರಲ್ಲಿ ಗಾಯಕ ನೊಣವಾಗಿ ಹಾರುತ್ತಾನೆ. ಜಾಕ್ಸನ್‌ಗೆ ನೃತ್ಯ ಸಂಯೋಜನೆ, ಒಟ್ಟಾರೆ ಪ್ರದರ್ಶನ ಮತ್ತು ವೀಕ್ಷಕರ ಮೆಚ್ಚುಗೆಯ ಪ್ರಶಸ್ತಿಗಳು ಬಂದವು. ಉದ್ಯಮದವರ ಮತ ಒಂದು ಕಡೆ, ಮನೆಯಲ್ಲಿ ಕುಳಿತು ನೋಡುವವರ ಮತ ಇನ್ನೊಂದು ಕಡೆ. ಈ ಜಗ್ಗಾಟ ಮೊದಲ ದಿನವೇ ಆರಂಭವಾಯಿತು.

ಇಷ್ಟಕ್ಕೂ ವಿಡಿಯೊಗೆ ಪ್ರಶಸ್ತಿ ಏಕೆ? ಇದಕ್ಕೆ ಉತ್ತರ ಎಂಟಿವಿಯ ಹುಟ್ಟಿನಲ್ಲೇ ಇದೆ. 1981ರ ಆಗಸ್ಟ್ 1ರಂದು, ಮಧ್ಯರಾತ್ರಿ ಕಳೆದು ಒಂದು ನಿಮಿಷಕ್ಕೆ ಈ ವಾಹಿನಿ ಆರಂಭವಾಯಿತು. ಮೊದಲು ಬಿತ್ತರವಾದದ್ದು ‘ದ ಬಗಲ್ಸ್’ ತಂಡದ ‘ವಿಡಿಯೊ ಕಿಲ್ಡ್ ದ ರೇಡಿಯೊ ಸ್ಟಾರ್’. ರೇಡಿಯೊ ತಾರೆಯನ್ನು ವಿಡಿಯೊ ಕೊಂದಿತು ಎಂಬ ಹೆಸರಿನ ಹಾಡನ್ನೇ ಆರಿಸಿಕೊಂಡದ್ದು ಬರೀ ತಮಾಷೆಯಲ್ಲ, ಹಾಕಿದ ಸವಾಲು. ದಿನದ ಇಪ್ಪತ್ತನಾಲ್ಕು ಗಂಟೆಯೂ ಹಾಡನ್ನು ತೋರಿಸುವ ವಾಹಿನಿಗೆ ಬೇಕಾದ ಸರಕು ಧ್ವನಿಮುದ್ರಿಕೆ ಕಂಪೆನಿಗಳಿಂದ ಬಿಟ್ಟಿಯಾಗಿ ಬರುತ್ತಿತ್ತು. ವಿಡಿಯೊ ತೆಗೆಯುವ ಖರ್ಚು ಕಂಪೆನಿಯದು, ತೋರಿಸುವ ಕೆಲಸ ವಾಹಿನಿಯದು. ಅದನ್ನು ನೋಡಿದ ಹುಡುಗ-ಹುಡುಗಿಯರು ಅಂಗಡಿಗೆ ಹೋಗಿ ಧ್ವನಿಮುದ್ರಿಕೆ ಕೊಂಡರೆ ಇಬ್ಬರಿಗೂ ಲಾಭ. ಬಿಡಿಸಿ ಹೇಳಬೇಕೆಂದರೆ ಸಂಗೀತ ವಿಡಿಯೊ ಎಂಬುದು ಹಾಡಿನ ಜಾಹೀರಾತು.

ಜಾಹೀರಾತಿಗೆ ಪ್ರಶಸ್ತಿ ಕೊಡಲು ಹೊರಟವರು ಆ ಜಾಹೀರಾತನ್ನು ತೋರಿಸಿ ಬದುಕುವವರೇ. ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಂತೆ ಇದು ಎಂದು ಮೂಗು ಮುರಿಯುವುದು ಸುಲಭ. ಪ್ರಶಸ್ತಿಯ ವಿಗ್ರಹವನ್ನೇ ನೋಡಿ. ಚಂದ್ರನ ಮೇಲೆ ಬಾವುಟ ನೆಟ್ಟು ನಿಂತ ಗಗನಯಾತ್ರಿ. ಬಾವುಟದಲ್ಲಿ ಎಂಟಿವಿಯ ಗುರುತು. 1969ರಲ್ಲಿ ಅಪೊಲೊ 11 ಚಂದ್ರನ ಮೇಲೆ ಇಳಿದಾಗಿನ ಚಿತ್ರಗಳಿಗೆ ತನ್ನ ಬಾವುಟವನ್ನು ಅಂಟಿಸಿ ವಾಹಿನಿ ತನ್ನ ಪ್ರಸಾರ ಆರಂಭಿಸಿತ್ತು. ನಾಸಾದ ಚಿತ್ರಗಳು ಸಾರ್ವಜನಿಕ ಸ್ವತ್ತಾದ್ದರಿಂದ ಹಕ್ಕಿಗಾಗಿ ಹಣ ಕೊಡಬೇಕಿರಲಿಲ್ಲ. ಬಹುಕಾಲ ‘ಮೂನ್‌ಮ್ಯಾನ್’ ಎನಿಸಿಕೊಂಡಿದ್ದ ಈ ವಿಗ್ರಹಕ್ಕೆ 2017ರಲ್ಲಿ, ಗಂಡು-ಹೆಣ್ಣೆಂಬ ಭೇದ ಬೇಡವೆಂದು ‘ಮೂನ್ ಪರ್ಸನ್’ ಎಂಬ ಹೆಸರಾಯಿತು.

ಆದರೆ ಈ ಸಮಾರಂಭದ ಇತಿಹಾಸ ವ್ಯಾಪಾರದ ಕಥೆಯಷ್ಟೇ ಆಗಿದ್ದರೆ ಅದನ್ನು ಇಷ್ಟು ನೆನೆಯಬೇಕಾದ್ದಿರಲಿಲ್ಲ. ತೆರೆಯ ಮೇಲೆ ಯಾರು ಕಾಣಿಸಿಕೊಳ್ಳಬಹುದು, ತೆರೆಯ ಹಿಂದೆ ದುಡಿದವರ ಹೆಸರು ಯಾರಿಗೆ ಗೊತ್ತಾಗಬೇಕು ಎಂಬ ಎರಡು ದೊಡ್ಡ ಪ್ರಶ್ನೆಗಳು ಅದರ ಬೆನ್ನಿಗಿವೆ.

ಮೊದಲನೆಯ ಪ್ರಶ್ನೆ ಬಣ್ಣದ್ದು. ಆರಂಭದ ಎರಡು ವರ್ಷ ಎಂಟಿವಿಯಲ್ಲಿ ಕಪ್ಪು ಜನಾಂಗದ ಕಲಾವಿದರು ಬೆರಳೆಣಿಕೆಯಷ್ಟು ಮಾತ್ರ ಕಾಣುತ್ತಿದ್ದರು. ನಮ್ಮದು ರಾಕ್ ಸಂಗೀತದ ವಾಹಿನಿ, ಅವರ ಹಾಡುಗಳು ಬೇರೆ ಬಗೆಯವು ಎಂಬುದು ವಾಹಿನಿಯ ಸಮಜಾಯಿಷಿ. ತಮ್ಮ ‘ಸೂಪರ್ ಫ್ರೀಕ್’ ವಿಡಿಯೊ ತಿರಸ್ಕೃತವಾದಾಗ ಗಾಯಕ ರಿಕ್ ಜೇಮ್ಸ್ ಇದನ್ನು ಬಹಿರಂಗವಾಗಿಯೇ ಖಂಡಿಸಿದರು. 1983ರಲ್ಲಿ ಬ್ರಿಟನ್ನಿನ ಗಾಯಕ ಡೇವಿಡ್ ಬೋವಿ ಎಂಟಿವಿಯ ಸಂದರ್ಶನಕ್ಕೆ ಬಂದಾಗ ಪ್ರಶ್ನೆ ಕೇಳುವವರನ್ನೇ ಪ್ರಶ್ನಿಸಿದರು: ನಿಮ್ಮಲ್ಲಿ ಕಪ್ಪು ಕಲಾವಿದರು ಇಷ್ಟು ಕಡಿಮೆ ಏಕೆ? ನ್ಯೂಯಾರ್ಕ್, ಲಾಸ್ ಏಂಜಲೀಸ್‌ಗಳನ್ನು ಮಾತ್ರವಲ್ಲ, ಒಳನಾಡಿನ ಸಣ್ಣ ಊರುಗಳ ಪ್ರೇಕ್ಷಕರನ್ನೂ ನೋಡಿಕೊಳ್ಳಬೇಕು ಎಂಬ ಅರ್ಥದ ಉತ್ತರ ಬಂತು. ಬೋವಿಗೆ ಅದು ಒಪ್ಪಿಗೆಯಾಗಲಿಲ್ಲ.

ಅದೇ ವರ್ಷದ ಮಾರ್ಚ್‌ನಲ್ಲಿ ಜಾಕ್ಸನ್‌ರ ‘ಬಿಲ್ಲಿ ಜೀನ್’ ಎಂಟಿವಿಯಲ್ಲಿ ಬಂತು. ಅದನ್ನು ತೋರಿಸದಿದ್ದರೆ ತಮ್ಮ ಎಲ್ಲ ವಿಡಿಯೊಗಳನ್ನೂ ಹಿಂದಕ್ಕೆ ಪಡೆಯುವುದಾಗಿ ಸಿಬಿಎಸ್ ಧ್ವನಿಮುದ್ರಿಕೆ ಕಂಪೆನಿಯ ಮುಖ್ಯಸ್ಥ ವಾಲ್ಟರ್ ಯೆಟ್ನಿಕಾಫ್ ಬೆದರಿಸಿದರೆಂಬ ಮಾತು ಪ್ರಸಿದ್ಧ; ವಾಹಿನಿಯವರು ಅದನ್ನು ಒಪ್ಪಿಲ್ಲ. ಕಾರಣ ಏನೇ ಇರಲಿ, ಬಾಗಿಲು ತೆರೆಯಿತು. ಡಿಸೆಂಬರ್‌ನಲ್ಲಿ ಜಾನ್ ಲ್ಯಾಂಡಿಸ್ ನಿರ್ದೇಶನದ ‘ಥ್ರಿಲ್ಲರ್’ ಬಂದಾಗ ಅದರ ತಯಾರಿಕೆಯ ಕುರಿತ ಸಾಕ್ಷ್ಯಚಿತ್ರಕ್ಕೆ ಹಣ ಕೊಟ್ಟವರಲ್ಲಿ ಎಂಟಿವಿಯೂ ಒಂದು. ವಿಡಿಯೊಗೆ ಕಾಸು ಬಿಚ್ಚದ ವಾಹಿನಿ ಹೀಗೆ ಸುತ್ತು ದಾರಿಯಲ್ಲಿ ಕೈಚೀಲ ತೆರೆಯಬೇಕಾಯಿತು.

ಈ ಹಿನ್ನೆಲೆಯಲ್ಲಿ 1984ರ ಆ ರಾತ್ರಿಯ ಫಲಿತಾಂಶವನ್ನು ಮತ್ತೊಮ್ಮೆ ಓದಬೇಕು. ಹೆಚ್ಚು ಪ್ರಶಸ್ತಿ ಗೆದ್ದದ್ದು ಜಾಕ್ಸನ್ ಅಲ್ಲ, ಕಾರ್ಸ್ ತಂಡವೂ ಅಲ್ಲ. ಜಾಜ್ ಸಂಗೀತದ ಹಿರಿಯ ಹರ್ಬಿ ಹ್ಯಾನ್‌ಕಾಕ್‌ರ ‘ರಾಕಿಟ್’ ಐದು ಪ್ರಶಸ್ತಿಗಳನ್ನು ಬಾಚಿಕೊಂಡಿತು. ಆ ವಿಡಿಯೊದಲ್ಲಿ ಒಂದು ಮನೆಯ ತುಂಬ ಯಂತ್ರದ ಗೊಂಬೆಗಳು ಒದರಾಡುತ್ತವೆ, ಕುಣಿಯುತ್ತವೆ. ಹ್ಯಾನ್‌ಕಾಕ್ ಕಾಣಿಸುವುದು ಆ ಮನೆಯಲ್ಲಿರುವ ಟೆಲಿವಿಷನ್ ಪೆಟ್ಟಿಗೆಯ ಪುಟ್ಟ ಪರದೆಯಲ್ಲಿ ಮಾತ್ರ, ಅದೂ ಆಗೊಮ್ಮೆ ಈಗೊಮ್ಮೆ. ಕಪ್ಪು ಕಲಾವಿದನ ಮುಖ ಹೆಚ್ಚು ಕಂಡರೆ ಎಂಟಿವಿ ತೋರಿಸಲಾರದು ಎಂಬ ಅಳುಕಿನಿಂದಲೇ ಹೀಗೆ ಮಾಡಿದ್ದು. ತನ್ನ ಹಾಡಿನ ಚಿತ್ರದಲ್ಲಿ ತಾನೇ ಮರೆಯಾಗಿ ನಿಂತವರಿಗೆ ಅಂದು ಎಲ್ಲರಿಗಿಂತ ಹೆಚ್ಚು ಪ್ರಶಸ್ತಿ. ವಾಹಿನಿಯ ನೀತಿಯನ್ನು ಅದರ ಮುಖಕ್ಕೇ ಪ್ರಶ್ನಿಸಿದ್ದ ಬೋವಿಗೂ ಅಂದೇ ‘ವಿಡಿಯೊ ವ್ಯಾನ್‌ಗಾರ್ಡ್’ ಎಂಬ ವಿಶೇಷ ಗೌರವ ಸಂದಿತು. 1991ರಲ್ಲಿ ಆ ಗೌರವಕ್ಕೆ ಇಟ್ಟ ಹೆಸರು ಮೈಕೆಲ್ ಜಾಕ್ಸನ್‌ರದು. ರ‍್ಯಾಪ್ ಸಂಗೀತಕ್ಕೆ ಪ್ರತ್ಯೇಕ ಪ್ರಶಸ್ತಿ ಬರಲು ಮಾತ್ರ 1989ರವರೆಗೆ ಕಾಯಬೇಕಾಯಿತು. ಅದರ ಮೊದಲ ವಿಜೇತರಲ್ಲಿ ಒಬ್ಬ, ಮುಂದೆ ಹಾಲಿವುಡ್‌ನಲ್ಲಿ ಹೆಸರಾದ ವಿಲ್ ಸ್ಮಿತ್.

ಎರಡನೆಯ ಪ್ರಶ್ನೆ ತೆರೆಯ ಹಿಂದಿನವರದು. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಕಲಾ ನಿರ್ದೇಶನ, ನೃತ್ಯ ಸಂಯೋಜನೆ ಎಂದು ಮೊದಲ ವರ್ಷದಿಂದಲೇ ಈ ಸಮಾರಂಭದಲ್ಲಿ ಬೇರೆ ಬೇರೆ ಪ್ರಶಸ್ತಿಗಳಿದ್ದವು. ಜಾಹೀರಾತಿನ ಹಿಂದೆಯೂ ಕಸುಬುದಾರರಿದ್ದಾರೆ ಎಂದು ಒಪ್ಪಿಕೊಂಡ ಹಾಗೆ ಅದು. ವಿಚಿತ್ರವೆಂದರೆ ವಿಡಿಯೊ ಬಿತ್ತರವಾಗುವಾಗ ಪರದೆಯ ಮೂಲೆಯಲ್ಲಿ ಹಾಡಿನ ಹೆಸರು, ಹಾಡುಗಾರರ ಹೆಸರು, ಕಂಪೆನಿಯ ಹೆಸರು ಎಲ್ಲ ಬರುತ್ತಿತ್ತು. ನಿರ್ದೇಶಕನ ಹೆಸರು ಮಾತ್ರ ಇರುತ್ತಿರಲಿಲ್ಲ. ಎಂಟಿವಿ ಅದನ್ನು ಸೇರಿಸಿದ್ದು 1992ರ ಕೊನೆಗೆ. ಅಲ್ಲಿಯವರೆಗೆ ವರ್ಷಕ್ಕೊಂದು ರಾತ್ರಿ ವೇದಿಕೆಗೆ ಕರೆದು ಸನ್ಮಾನ, ಉಳಿದ ದಿನಗಳಲ್ಲಿ ಅನಾಮಿಕ ದುಡಿಮೆ.

ಆ ಅನಾಮಿಕರು ಎಂಥವರೆಂಬುದನ್ನು ಪ್ರಶಸ್ತಿ ಪಟ್ಟಿಯೇ ಹೇಳುತ್ತದೆ. 1987ರಲ್ಲಿ ಪೀಟರ್ ಗೇಬ್ರಿಯಲ್‌ರ ‘ಸ್ಲೆಡ್ಜ್‌ಹ್ಯಾಮರ್’ ಒಂಬತ್ತು ಪ್ರಶಸ್ತಿ ಪಡೆದು ದಾಖಲೆ ಮಾಡಿತು. ಜೇಡಿಮಣ್ಣು, ಹಣ್ಣು, ಕೋಳಿ, ಕೊನೆಗೆ ಗಾಯಕನ ಮುಖವನ್ನೂ ಚೂರು ಚೂರೇ ಸರಿಸಿ, ಒಂದೊಂದೇ ಚೌಕಟ್ಟು ಚಿತ್ರೀಕರಿಸಿ ತಯಾರಾದ ವಿಡಿಯೊ ಅದು. ಇದಕ್ಕಾಗಿ ಗೇಬ್ರಿಯಲ್ ಗಾಜಿನ ಹಲಗೆಯ ಕೆಳಗೆ ಗಂಟೆಗಟ್ಟಲೆ ಅಲುಗದೆ ಮಲಗಿದ್ದರು. ಕೋಳಿಗಳನ್ನು ಕುಣಿಸಿದ ನಿಕ್ ಪಾರ್ಕ್ ಮುಂದೆ ‘ವ್ಯಾಲೆಸ್ ಅಂಡ್ ಗ್ರೋಮಿಟ್’ ಚಿತ್ರಗಳಿಂದ ಮನೆಮಾತಾದರು. 1989 ಮತ್ತು 1990ರಲ್ಲಿ ಮಡೋನಾರ ವಿಡಿಯೊಗಳಿಗಾಗಿ ನಿರ್ದೇಶನ ಪ್ರಶಸ್ತಿ ಪಡೆದ ಡೇವಿಡ್ ಫಿಂಚರ್ ಆಮೇಲೆ ‘ಸೆವೆನ್’, ‘ಫೈಟ್ ಕ್ಲಬ್’ನಂಥ ಚಿತ್ರಗಳನ್ನು ಮಾಡಿದರು.

1991ರ ಹೆಸರು ಭಾರತೀಯರಿಗೆ ಹತ್ತಿರದ್ದು. ಆ ವರ್ಷ ‘ಆರ್.ಇ.ಎಂ.’ ತಂಡದ ‘ಲೂಸಿಂಗ್ ಮೈ ರಿಲಿಜನ್’ ವರ್ಷದ ಅತ್ಯುತ್ತಮ ವಿಡಿಯೊ ಸೇರಿ ಆರು ಪ್ರಶಸ್ತಿ ಗಳಿಸಿತು. ಅದರ ನಿರ್ದೇಶಕ ಪಂಜಾಬಿನ ಜಲಂಧರ್‌ನಲ್ಲಿ ಹುಟ್ಟಿದ ತರ್ಸೇಮ್ ಸಿಂಗ್. ಇಟಲಿಯ ಚಿತ್ರಕಾರ ಕಾರವಾಜಿಯೊನ ನೆರಳು-ಬೆಳಕು, ಗಾರ್ಸಿಯಾ ಮಾರ್ಕೆಜ್‌ರ ಕಥೆಯ ರೆಕ್ಕೆಯ ಮುದುಕ, ಜತೆಗೆ ನಮ್ಮ ಮನೆಗಳ ಗೋಡೆಯ ದೇವರ ಪಟಗಳನ್ನು ನೆನಪಿಸುವ ಬಣ್ಣಗಳು ಅದರಲ್ಲಿ ಬೆರೆತಿದ್ದವು.

ಅದೇ 1991ರಲ್ಲಿ ಸ್ಟಾರ್ ಉಪಗ್ರಹ ಜಾಲದ ಮೂಲಕ ಎಂಟಿವಿ ಭಾರತದ ಮನೆಗಳಿಗೂ ಬಂತು. 1994ರಲ್ಲಿ ಸ್ಟಾರ್ ಜತೆಗಿನ ನಂಟು ಮುರಿದು, ಆ ಜಾಗಕ್ಕೆ ಚಾನೆಲ್ ವಿ ಬಂದಿತು; 1996ರಲ್ಲಿ ಎಂಟಿವಿ ಭಾರತಕ್ಕೇ ಮೀಸಲಾದ ವಾಹಿನಿಯಾಗಿ ಮರಳಿತು. ಹಾಡನ್ನು ಕಣ್ಣಿಂದ ನೋಡುವುದು ಸಿನಿಮಾ ಹಾಡುಗಳ ಈ ನಾಡಿಗೆ ಹೊಸದೇನಲ್ಲ. ಹೊಸದಾದದ್ದು, ಸಿನಿಮಾ ಇಲ್ಲದೆಯೂ ಹಾಡೊಂದು ಚಿತ್ರವಾಗಬಹುದು ಎಂಬುದು. ಹರಿಹರನ್ ಮತ್ತು ಲೆಸ್ಲಿ ಲೂಯಿಸ್‌ರ ‘ಕಲೋನಿಯಲ್ ಕಸಿನ್ಸ್’ ಜೋಡಿ 1996ರಲ್ಲಿ ಹೊರತಂದ ಹಾಡಿನ ಎದೆಯಲ್ಲಿದ್ದುದು ವ್ಯಾಸರಾಯರ ಕನ್ನಡ ಕೀರ್ತನೆ ‘ಕೃಷ್ಣಾ ನೀ ಬೇಗನೆ ಬಾರೋ’. ವಿಜಯನಗರದ ಕಾಲದ ಪದ ಹೀಗೆ ಪಾಪ್ ವಿಡಿಯೊ ಆಗಿ, ಕನ್ನಡ ಬಾರದವರ ಮನೆಗಳಲ್ಲೂ ಕೇಳಿಸಿತು.

ಇಷ್ಟೆಲ್ಲ ಇದ್ದರೂ ಜನರಿಗೆ ನೆನಪಿರುವುದು ಪ್ರಶಸ್ತಿಗಳಲ್ಲ, ವೇದಿಕೆಯ ಮೇಲೆ ನಡೆದ ಘಟನೆಗಳು. ಮೊದಲ ಸಮಾರಂಭದಲ್ಲೇ ಮದುವಣಗಿತ್ತಿಯ ಉಡುಪಿನಲ್ಲಿ ಬೃಹತ್ ಕೇಕಿನ ಮೇಲಿನಿಂದ ಇಳಿದ ಮಡೋನಾ, ‘ಲೈಕ್ ಎ ವರ್ಜಿನ್’ ಹಾಡುತ್ತ ನೆಲದ ಮೇಲೆ ಹೊರಳಾಡಿ ಹಿರಿಯರನ್ನು ಬೆಚ್ಚಿಬೀಳಿಸಿದರು. ಆ ಹಾಡು ಆಗಿನ್ನೂ ಅಂಗಡಿಗೆ ಬಂದಿರಲಿಲ್ಲ! 2009ರಲ್ಲಿ ಟೇಲರ್ ಸ್ವಿಫ್ಟ್ ಪ್ರಶಸ್ತಿ ಸ್ವೀಕರಿಸುತ್ತಿದ್ದಾಗ ಕಾನ್ಯೆ ವೆಸ್ಟ್ ವೇದಿಕೆಗೆ ನುಗ್ಗಿ, ಕೈಯಿಂದ ಮೈಕ್ ಕಿತ್ತುಕೊಂಡು, ಬಿಯಾನ್ಸೆಯ ವಿಡಿಯೊ ಇದಕ್ಕಿಂತ ಶ್ರೇಷ್ಠ ಎಂದು ಸಾರಿದರು. ಅಂದೇ ವರ್ಷದ ವಿಡಿಯೊ ಪ್ರಶಸ್ತಿ ಪಡೆದ ಬಿಯಾನ್ಸೆ, ಸ್ವಿಫ್ಟ್‌ರನ್ನು ಮರಳಿ ವೇದಿಕೆಗೆ ಕರೆದು ಅರ್ಧಕ್ಕೆ ನಿಂತ ಮಾತು ಮುಗಿಸಲು ಅವಕಾಶ ಕೊಟ್ಟರು. 2024ರ ಹೊತ್ತಿಗೆ ಇಬ್ಬರೂ ತಲಾ ಮೂವತ್ತು ಪ್ರಶಸ್ತಿಗಳೊಂದಿಗೆ ಸರಿಸಮ ನಿಂತದ್ದು ಇತಿಹಾಸದ ಚೋದ್ಯ.

ಇನ್ನೊಂದು ಚೋದ್ಯ ಎಂಟಿವಿಯದೇ. ವಿಡಿಯೊಗೆ ಕಲೆಯ ಮಾನ ತಂದ ವಾಹಿನಿ 1990ರ ದಶಕದಿಂದಲೇ ‘ರಿಯಲ್ ವರ್ಲ್ಡ್’ನಂಥ ಕಾರ್ಯಕ್ರಮಗಳಿಗೆ ವಾಲಿತು. 2005ರಲ್ಲಿ ಯೂಟ್ಯೂಬ್ ಬಂದ ಮೇಲೆ ಬೇಕಾದ ಹಾಡನ್ನು ಬೇಕಾದಾಗ ನೋಡುವವರಿಗೆ ವಾಹಿನಿಯ ಹಂಗು ಉಳಿಯಲಿಲ್ಲ. 2010ರಲ್ಲಿ ಎಂಟಿವಿ ತನ್ನ ಲಾಂಛನದಲ್ಲಿದ್ದ ‘ಮ್ಯೂಸಿಕ್ ಟೆಲಿವಿಷನ್’ ಎಂಬ ಪದಗಳನ್ನೇ ಕಿತ್ತುಹಾಕಿತು. 2025ರ ಸಮಾರಂಭ ಮೊದಲ ಬಾರಿಗೆ ಸಿಬಿಎಸ್ ವಾಹಿನಿಯಲ್ಲೂ ಬಿತ್ತರವಾಯಿತು. ಅದೇ ವರ್ಷದ ಕೊನೆಯ ದಿನ ಬ್ರಿಟನ್ನಿನಲ್ಲಿ ಎಂಟಿವಿಯ ಸಂಗೀತ ವಾಹಿನಿಗಳು ಮುಚ್ಚಿದವು.

ಕೆಲವು ಹಳೆಯ ಊರುಗಳಲ್ಲಿ ಹೀಗೂ ಇರುತ್ತದೆ. ಗುಡಿಯ ನಿತ್ಯಪೂಜೆ ನಿಂತು ಬಹಳ ಕಾಲವಾದರೂ ವರ್ಷಕ್ಕೊಮ್ಮೆ ತೇರು ತಪ್ಪದೆ ಹೊರಡುತ್ತದೆ, ದೂರದವರೂ ಬಂದು ಸೇರುತ್ತಾರೆ. ಎಂಟಿವಿಯ ಪ್ರಶಸ್ತಿ ಸಮಾರಂಭ ಈಗ ಅಂಥದೊಂದು ತೇರು. ದೇವರು ಮಾತ್ರ ಗುಡಿ ಬಿಟ್ಟು ಎಲ್ಲರ ಅಂಗೈಯೊಳಗಿನ ಫೋನಿಗೆ ಸೇರಿಕೊಂಡಿದ್ದಾನೆ. ಅಲ್ಲಿ ‘ರಾಕಿಟ್’ ಇಂದಿಗೂ ನೋಡಲು ಸಿಗುತ್ತದೆ. ಹ್ಯಾನ್‌ಕಾಕ್ ಎಲ್ಲಿದ್ದಾರೆಂದು ಮಾತ್ರ ಹುಡುಕಿ ನೋಡಬೇಕು.