ಬಿಳಿಗಿರಿಯ ನೆರಳುಕಾಫಿ

ಚಾಮರಾಜನಗರದ ಸೀಮೆಯೆಂದೊಡನೆ ರಾಗಿ, ಜೋಳ, ಅರಿಶಿನಗಳ ಬಯಲು ನೆನಪಿಗೆ ಬರುವುದು ಸಹಜ. ಗುಂಡ್ಲುಪೇಟೆಯಿಂದ ಹೊರಟವನಿಗೆ ದಾರಿಯುದ್ದಕ್ಕೂ ಕಾಣುವುದು ಹೊಲ, ತೆಂಗಿನ ತೋಟ, ಕಾಲಕ್ಕೆ ತಕ್ಕಂತೆ ಚೆಂಡುಹೂವಿನ ತಾಕು. ಕಾಫಿಯ ಗಿಡ ಒಂದಾದರೂ ಕಣ್ಣಿಗೆ ಬೀಳದು. ಆದರೆ ಪೂರ್ವದಿಕ್ಕಿಗೆ ನೀಲಿಯಾಗಿ ನಿಂತಿರುವ ಬೆಟ್ಟದ ಸಾಲನ್ನು ಏರಿದರೆ ಬೇರೊಂದು ಲೋಕವೇ ತೆರೆಯುತ್ತದೆ. ಸಂಸ್ಕೃತದಲ್ಲಿ ಶ್ವೇತಾದ್ರಿಯೆಂದೂ ಕನ್ನಡದಲ್ಲಿ ಬಿಳಿಗಿರಿರಂಗನ ಬೆಟ್ಟವೆಂದೂ ಹೆಸರಾದ ಈ ಗಿರಿಶ್ರೇಣಿಯಲ್ಲಿ, 4,000 ಅಡಿಗೂ ಮೇಲಿನ ತಂಪಿನಲ್ಲಿ, ಕಾಡುಮರಗಳ ಕೆಳಗೆ ಅರಾಬಿಕಾ ಕಾಫಿ ಬೆಳೆಯುತ್ತದೆ.

ಕಾಫಿಯ ಚರಿತ್ರೆಯನ್ನು ಹೇಳುವವರೆಲ್ಲರೂ ಬಾಬಾಬುಡನ್ನರಿಂದ ಆರಂಭಿಸುವರು. ಅವರು ಹದಿನೇಳನೆಯ ಶತಮಾನದಲ್ಲಿ ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಕಥೆಯನ್ನು ಕೇಳದವರಿಲ್ಲ. ಚಿಕ್ಕಮಗಳೂರಿಗೆ ಆ ಕಥೆ ಸಲ್ಲುತ್ತದೆ. ಬಿಳಿಗಿರಿಗೆ ಕಾಫಿ ಬಂದುದು ಬಹುಕಾಲದ ಅನಂತರ, ಬೇರೊಂದು ದಾರಿಯಿಂದ. ಹತ್ತೊಂಬತ್ತನೆಯ ಶತಮಾನದ ಕಡೆಯ ಭಾಗದಲ್ಲಿ ಮಾರಿಸ್ ಎಂಬ ಸ್ಕಾಟ್ಲೆಂಡಿನವನೊಬ್ಬನು ಇಲ್ಲಿಗೆ ಬಂದು ಅತ್ತಿಕಾನೆಯಲ್ಲಿ ತೋಟ ಮಾಡಿದನು. ಹೊನ್ನಮೇಟಿಯ ತೋಟ ಅದರ ತರುವಾಯದ್ದು. 1894ರಲ್ಲಿ ಹುಟ್ಟಿದ ಅವನ ಮಗ ರಾಲ್ಫ್ ಮಾರಿಸ್ ತೋಟಗಾರನಾಗಿ, ಬೇಟೆಗಾರನಾಗಿ, ಕೊನೆಗೆ ಕಾಡುಪ್ರಾಣಿಗಳ ವಿಷಯವನ್ನು ಬಲ್ಲ ಪಂಡಿತನಾಗಿ ಪ್ರಸಿದ್ಧನಾದನು.

ತೋಟಗಳ ಚರಿತ್ರೆ ಹೀಗೆ ಒಬ್ಬಿಬ್ಬರ ಹೆಸರಿನಲ್ಲಿ ಮುಗಿದುಹೋಗುವುದು ವಾಡಿಕೆ. ಆದರೆ ಅತ್ತಿಕಾನೆ ಎಂಬ ಮಾತನ್ನೇ ಕಿವಿಗೊಟ್ಟು ಕೇಳಬೇಕು. ಅತ್ತಿಯೆಂದರೆ ಮರ; ನಿತ್ಯಹಸುರಿನ ದಟ್ಟ ಕಾಡಿಗೆ ಸೋಲಿಗರು ಇಂದಿಗೂ ಕಾನುಕಾಡು ಎನ್ನುವರು. ಆ ಹೆಸರು ಈ ಎರಡು ಮಾತುಗಳಿಂದಲೇ ಆದುದೆಂದು ತೋರುತ್ತದೆ. ಹಾಗಾದರೆ ಕಾಫಿಗಿಂತ ಮೊದಲೇ ಆ ನೆಲವನ್ನು ಬಲ್ಲವರು ಅಲ್ಲಿದ್ದರೆಂಬುದಕ್ಕೆ ಹೆಸರೇ ಸಾಕ್ಷಿ. ಬಿಳಿಗಿರಿಯ ರಂಗನಾಥನು ತಮ್ಮ ಹೆಣ್ಣು ಕುಸುಮಾಲೆಯ ಕೈಹಿಡಿದನೆಂದು ನಂಬಿ ದೇವರನ್ನೇ ಭಾವನೆಂದು ಕರೆಯುವ ಜನ ಸೋಲಿಗರು. ಬೆಟ್ಟದೊಡನೆ ಅವರಿಗಿರುವುದು ಬಾಂಧವ್ಯ. ಕಾಗದದ ಹಕ್ಕು ಬಹಳ ತಡವಾಗಿ ಬಂದ ವಿಷಯ.

ಇಲ್ಲಿ ನೆರಳಿನ ಮಾತನ್ನು ಸ್ವಲ್ಪ ವಿಸ್ತರಿಸಬೇಕು. ಅರಾಬಿಕಾ ಗಿಡದ ತವರು ಇಥಿಯೋಪಿಯದ ಎತ್ತರದ ಕಾಡು. ಅಲ್ಲಿ ಅದು ಹೆಮ್ಮರಗಳ ಆಶ್ರಯದಲ್ಲಿ ಹುಟ್ಟಿದ ಚಿಕ್ಕ ಗಿಡ. ಬಯಲಿಗೆ ತಂದು ನಿಲ್ಲಿಸಿದರೆ ಮೊದಲು ಹೆಚ್ಚು ಫಲ ಕೊಟ್ಟರೂ ಬೇಗ ಸೊರಗುವುದು. ಬಿಳಿ ಕಾಂಡಕೊರಕ ಹುಳುವಿನ ತಾಯಿದುಂಬಿಯು ಬಿಸಿಲು ಬಿದ್ದ ಕಾಂಡವನ್ನೇ ಹುಡುಕಿ ಮೊಟ್ಟೆಯಿಡುತ್ತದೆ. ಸಿಂಹಳದಲ್ಲಿ ಕಾಡನ್ನು ಬೋಳಿಸಿ ಮಾಡಿದ ತೋಟಗಳು 1869ರಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗದಿಂದ ಕಾಲಕ್ರಮದಲ್ಲಿ ನಾಶವಾಗಿ ಆ ದ್ವೀಪವೇ ಚಹಾಕ್ಕೆ ತಿರುಗಿತು. ಮೈಸೂರಿನ ತೋಟಗಾರರು ನೆರಳನ್ನು ಉಳಿಸಿಕೊಂಡರು. ಎಲಿಯಟ್ ಎಂಬ ತೋಟಗಾರನು 1894ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನೆರಳಿನ ಮರಗಳ ಆವಶ್ಯಕತೆಯನ್ನು ದೀರ್ಘವಾಗಿ ಪ್ರತಿಪಾದಿಸಿದ್ದಾನೆ. ನೆರಳಿನಲ್ಲಿ ಹಣ್ಣು ನಿಧಾನವಾಗಿ ಮಾಗುವುದು, ಬೀಜ ಗಟ್ಟಿಯಾಗುವುದು; ಉದುರಿದ ಎಲೆಯೇ ಗೊಬ್ಬರ. ಯಾವ ಮರದ ಬುಡದಲ್ಲಿ ಮಣ್ಣು ಬೇಸಗೆಯಲ್ಲೂ ತಂಪಾಗಿರುವುದೆಂಬ ಜ್ಞಾನ ಕಾಡಿನಲ್ಲೇ ಹುಟ್ಟಿಬೆಳೆದ ಕೂಲಿಯಾಳಿಗೆ ಯಾವ ಗ್ರಂಥದಿಂದಲೂ ಬರಬೇಕಾಗಿರಲಿಲ್ಲ.

ಆ ಕೂಲಿಯವರು ಬೆಳೆಗಾರರಾದ ಬಗೆ ವಿಚಿತ್ರವಾದುದು. ಸೋಲಿಗರ ಮೂಲ ಬೇಸಾಯವು ಕಾಡಿನ ತುಂಡನ್ನು ಸವರಿ ರಾಗಿ, ಅವರೆ, ಸಾಸಿವೆಗಳನ್ನು ಬಿತ್ತಿ, ಮುಂದೆ ಬೇರೆ ಕಡೆಗೆ ಹೋಗುವುದು. 1974ರಲ್ಲಿ ಬೆಟ್ಟವು ಅಭಯಾರಣ್ಯವೆಂದು ಘೋಷಿತವಾದ ಮೇಲೆ ಆ ಪದ್ಧತಿ ನಿಂತಿತು. ಕುಟುಂಬಗಳು ಪೋಡುಗಳಲ್ಲಿ ಚಿಕ್ಕಚಿಕ್ಕ ಭೂಮಿಗೆ ಕಟ್ಟುಬಿದ್ದುವು. ಅದೇ ಅಭಯಾರಣ್ಯದ ನಡುವೆ ದೊಡ್ಡ ತೋಟಗಳು ಮಾತ್ರ ಹಾಗೆಯೇ ಉಳಿದುವು! ವನ್ಯಜೀವಿ ಕಾಯಿದೆಯ 2002ರ ತಿದ್ದುಪಡಿಯನ್ನು ಅನುಸರಿಸಿ ಜೇನು, ನೆಲ್ಲಿ, ಪಾಚಿಗಳನ್ನು ಮಾರಾಟಕ್ಕಾಗಿ ತರುವುದೂ ನಿಷಿದ್ಧವಾಯಿತು. ಅಲೆಯುವ ಬೇಸಾಯವಿಲ್ಲ, ಕಾಡಿನ ಉತ್ಪನ್ನವಿಲ್ಲ. ಒಂದೆಡೆ ನಿಂತು, ಮರ ಕಡಿಯದೆ ಬೆಳೆಯಬಹುದಾದ ಬೆಳೆ ಕಾಫಿಯೊಂದೇ ಆಗಿತ್ತು. ತೋಟಗಳಲ್ಲಿ ದುಡಿದು ಕಲಿತ ಕೈಗಳು ಪೋಡಿನ ಮನೆಯ ಹಿಂದೆ ಹಲಸು, ನೇರಳೆಗಳ ನೆರಳಿನಲ್ಲಿ ಸಸಿ ನೆಟ್ಟುವು. 2011ರಲ್ಲಿ ಬೆಟ್ಟವು ಹುಲಿ ರಕ್ಷಿತಾರಣ್ಯವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರಗಳೂ ದೊರೆತುವು.

ಮತ್ತೊಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಮಹಾಯುದ್ಧದ ದೆಸೆಯಿಂದ ಯೂರೋಪಿನ ಮಾರುಕಟ್ಟೆ ಮುಚ್ಚಿದಾಗ ಸರ್ಕಾರವು ಕಾಫಿಯನ್ನು ಒಟ್ಟುಗೂಡಿಸಿ ಮಾರುವ ಏರ್ಪಾಡು ಮಾಡಿತು. 1942ರ ಕಾಯಿದೆಯಿಂದ ಅದು ಸ್ಥಿರವಾಯಿತು. ಬೆಳೆಗಾರನು ಕಾಫಿ ಮಂಡಲಿಗೆ ಒಪ್ಪಿಸಿದ ಬೀಜ ಎಲ್ಲರ ಬೀಜದೊಡನೆ ಬೆರೆಯುತ್ತಿತ್ತು. ತರಗತಿಗೆ ಬೆಲೆಯಿತ್ತು, ಊರಿಗೆ ಇರಲಿಲ್ಲ. 1992ರಿಂದ ಕಟ್ಟು ಹಂತಹಂತವಾಗಿ ಸಡಿಲಿ 1996ರಲ್ಲಿ ಬೆಳೆಗಾರರೆಲ್ಲರೂ ಸ್ವತಂತ್ರರಾದ ಮೇಲೆಯೇ ಬೆಟ್ಟದ ಹೆಸರಿಗೆ, ತೋಟದ ಹೆಸರಿಗೆ ಬೆಲೆ ಬಂದುದು. ಇಂದು ಪಟ್ಟಣಗಳಲ್ಲಿ ವಿಶೇಷ ಕಾಫಿಯೆಂದು ಮಾರುವ ಚಿಕ್ಕ ಪೊಟ್ಟಣದ ಮೇಲೆ ಬಿಳಿಗಿರಿಯ ತೋಟದ ಹೆಸರು ಅಚ್ಚಾಗಿರುತ್ತದೆ.

2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ವಯನಾಡು, ಅರಕು ಎಂಬ ಐದು ಸೀಮೆಗಳ ಕಾಫಿಗೆ ಭೌಗೋಳಿಕ ಗುರುತು ದೊರೆತಾಗ ಬಿಳಿಗಿರಿಯ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಅದು ಮುಂದೆ ದೊರೆತರೂ ಯಾರಿಗೆ ಸಲ್ಲುವುದೆಂಬ ಪ್ರಶ್ನೆ ಉಳಿದೇ ಇದೆ. ದೊಡ್ಡ ತೋಟಕ್ಕೆ ತನ್ನದೇ ಮುದ್ರೆಯುಂಟು, ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವುಂಟು, ಕೊಳ್ಳುವವರು ಬಾಗಿಲಿಗೆ ಬರುವರು. ಪೋಡಿನ ಸಂಸಾರವು ಕುಯಿಲಿನ ಕಾಲದಲ್ಲಿ ಕೊಯ್ದ ಕೆಂಪು ಹಣ್ಣನ್ನು ಅಂಗಳದಲ್ಲಿ ಹರಡಿ, ಆನೆಯ ಭಯದಿಂದ ರಾತ್ರಿ ಕಾದು, ಒಣಗಿದುದನ್ನು ಚೀಲಕ್ಕೆ ತುಂಬಿ ತೂಕಕ್ಕೆ ಮಾರುತ್ತದೆ. ಆ ಚೀಲದ ಮೇಲೆ ಹೆಸರು ಇರುವುದಿಲ್ಲ.