ಗ್ರಹಣ ಅಲ್ಲ, ರುಬೆಲ್ಲಾ

ಇವತ್ತಿನ ಕತೆ ಸಿಡ್ನಿಯದ್ದು. ಆದರೆ ಶುರು ಮಾಡೋದು ನಮ್ಮೂರು ಮಹಾಲಿಂಗಪುರದಿಂದ.

ನಾನು ಸಣ್ಣವನಿದ್ದಾಗ ನಮ್ಮ ಓಣಿಯಲ್ಲಿ ಒಂದು ಕೂಸು ಹುಟ್ಟಿತ್ತು. ಎರಡೂ ಕಣ್ಣಲ್ಲಿ ಬಿಳಿ ಪೊರೆ, ಹೃದಯದಲ್ಲೂ ತೊಂದರೆ. ನೋಡೋಕೆ ಬಂದವರೆಲ್ಲ ತಾಯಿಗೆ ಕೇಳಿದ್ದು ಒಂದೇ ಮಾತು: ‘ಗ್ರಹಣದಾಗ ಹೊರಗ ಬಂದಿದ್ದೀ ಏನವಾ?’ ಆಕೆ ತಲೆ ತಗ್ಗಿಸಿ ಕೂತಿದ್ದು ನನಗಿನ್ನೂ ನೆನಪಿದೆ. ಆ ಕೂಸಿಗೆ ಆಗಿದ್ದು ಇದೇ ಅಂತ ನಾನು ಹೇಳಲ್ಲ, ಬಿ.ಕಾಂ. ಓದಿದವನು ನಾನು, ಡಾಕ್ಟರ್ ಅಲ್ಲ. ಆದರೆ ಹೊಟ್ಟೆಯಲ್ಲಿರುವಾಗಲೇ ಕಣ್ಣು, ಹೃದಯ ಎರಡೂ ಒಟ್ಟಿಗೆ ಕೆಡೋದಕ್ಕೆ ಒಂದು ಕಾರಣ ಸಿಕ್ಕಿದ್ದು, ತಾಯಂದಿರ ಮಾತಿಗೆ ಕಿವಿಗೊಟ್ಟ ಒಬ್ಬ ಡಾಕ್ಟರ್‌ನಿಂದ.

1941. ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಹತ್ತಿರ ಹುಟ್ಟುವಾಗಲೇ ಪೊರೆ ಇರುವ ಕೂಸುಗಳು ಒಂದರ ಹಿಂದೆ ಒಂದು ಬರತೊಡಗಿದವು. ಎಷ್ಟೋ ಕೂಸುಗಳ ಹೃದಯವೂ ಸರಿ ಇರಲಿಲ್ಲ. ಹೊರಗೆ ಕಾಯುತ್ತಿದ್ದ ತಾಯಂದಿರು, ಬಸುರಿಯಾಗಿದ್ದಾಗ ತಮಗೆ ಜರ್ಮನ್ ದಡಾರ ಬಂದಿತ್ತು ಅಂತ ಮಾತಾಡಿಕೊಳ್ಳೋದು ಅವರ ಕಿವಿಗೆ ಬಿತ್ತಂತೆ. ಅದೇ ರುಬೆಲ್ಲಾ. ಹಿಂದಿನ ವರ್ಷ ಆಸ್ಟ್ರೇಲಿಯಾದಲ್ಲಿ ಅದು ಜೋರಾಗಿ ಹಬ್ಬಿತ್ತು. ಗ್ರೆಗ್ ಬೇರೆ ವೈದ್ಯರನ್ನೂ ವಿಚಾರಿಸಿ 78 ಕೂಸುಗಳ ಲೆಕ್ಕ ತೆಗೆದರು: 68 ತಾಯಂದಿರಿಗೆ ಬಸುರಿನಲ್ಲಿ ರುಬೆಲ್ಲಾ ಬಂದಿತ್ತು.

ತಾಯಿಗೆ ಬರೋದು ಸಣ್ಣ ಜ್ವರ, ಮೈಮೇಲೆ ಕೆಂಪು ಗುಳ್ಳೆ. ಮೂರ್ನಾಲ್ಕು ದಿನಕ್ಕೆ ಮಾಯ. ಆದರೆ ಮೊದಲ ಮೂರು ತಿಂಗಳು ಅಂದರೆ ಕೂಸಿನ ಕಣ್ಣು, ಹೃದಯ, ಕಿವಿ ಮೂಡೋ ಹೊತ್ತು. ವೈರಸ್ ಮಾಸು ದಾಟಿ ಹೋಗಿ ಅಲ್ಲೇ ಕೈ ಹಾಕುತ್ತೆ. ಅದಕ್ಕೇ ಕಣ್ಣಿನ ದೋಷ ಒಂಟಿಯಾಗಿ ಬರೋದು ಕಡಿಮೆ.

ಇದಿನ್ನೂ ಸಾಬೀತಾಗಿಲ್ಲ ಅಂತ 1944ರಲ್ಲೂ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಅನುಮಾನಪಟ್ಟಿತು. 1964-65ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಹಬ್ಬಿ, ಸುಮಾರು 20,000 ಕೂಸುಗಳು ಈ ದೋಷಗಳೊಂದಿಗೆ ಹುಟ್ಟಿದವು. 1969ಕ್ಕೆ ಲಸಿಕೆ ಬಂತು.

ನಮ್ಮ ಶಾಲೆಗಳಿಗೆ? 2017ರ ಫೆಬ್ರವರಿಯಲ್ಲಿ! ದೇಶದ ದಡಾರ-ರುಬೆಲ್ಲಾ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 9 ತಿಂಗಳಿಂದ 15 ವರ್ಷದೊಳಗಿನ ಎಲ್ಲ ಮಕ್ಕಳಿಗೂ. ಆದರೆ ಲಸಿಕೆಗಿಂತ ಮೊದಲು ವಾಟ್ಸಾಪ್ ಸುದ್ದಿ ಮನೆ ಮುಟ್ಟಿತ್ತು. ಶಾಲೆಗೆ ಸೂಜಿ ಬಂದ ದಿನ ನಮ್ಮ ಕಾಕಾನ ಮಗಳನ್ನ ಮನೆಯಲ್ಲೇ ಇಟ್ಟುಕೊಂಡರು. ನಾನೂ ಸುಮ್ಮನಿದ್ದೆ.

ಈಗ ಅವಳ ಮದುವೆ ಗೊತ್ತಾಗಿದೆ. ಬಸುರಿಯಾದ ಮೇಲೆ ಈ ಲಸಿಕೆ ಕೊಡಲ್ಲ. ಮೊದಲೇ ಆಗಬೇಕು, ಆಮೇಲೆ ಒಂದು ತಿಂಗಳಾದರೂ ಬಸುರಾಗಬಾರದು. ಹೋದ ವಾರ ಫೋನ್ ಮಾಡಿ ಹೇಳಿದೆ. ‘ಜವಳಿ ತರೂದು ಮುಗೀಲಿ ಅಣ್ಣಾ, ಆಮ್ಯಾಲೆ ನೋಡೂಣು’ ಅಂದಳು. ಭಾನುವಾರ ನಾನೇ ಊರಿಗೆ ಹೊರಟಿದ್ದೀನಿ, ಸೋಮವಾರ ಅವಳನ್ನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗೋಕೆ.